ಬಸರೀಕಟ್ಟೆಯ ಟರ್ಬೊ

ಬಸರೀಕಟ್ಟೆಯ ನಮ್ಮ ಮೆಕ್ಯಾನಿಕ್ ಯಾವ ಹೊಸ ಕಾರು ಕಂಡರೂ ಬಾನೆಟ್ಟಿಗೆ ಎರಡು ಬೆರಳಿನಿಂದ ತಟ್ಟಿ, "ಕಂಪನಿಯವ್ರು ನಮ್ಮ ರೋಡ್ ನೋಡಿದಾರಾ ಮಾರಾಯ?" ಎನ್ನುತ್ತಿದ್ದರು. ತಮ್ಮ ಹಳೇ ಕಾರಿನ ಎಂಜಿನ್ ಬಿಚ್ಚಿ, ವೇಗ ಹೆಚ್ಚಲೆಂದು ತಾವೇ ಟರ್ಬೊ ಕೂರಿಸಿದ್ದರು. ಅದರ ಸದ್ದು ಕೇಳಿದರೆ ನಾಯಿಗಳೂ ರಸ್ತೆ ಬಿಡುತ್ತಿದ್ದವು.

ಎಸ್ಟೇಟಿನ ಸಾಹುಕಾರರು ಸ್ಪೋರ್ಟ್ಸ್ ಕಾರು ತಂದ ವಾರವೇ ಕೊಪ್ಪದವರೆಗೆ ಇಬ್ಬರಿಗೂ ಪಂದ್ಯ ಬಿತ್ತು. ಮೆಕ್ಯಾನಿಕ್ ಪಕ್ಕದಲ್ಲಿ ನಾನು ಕಣ್ಣು ಮುಚ್ಚಿ ಕೂತೆ. ಮೊದಲ ತಿರುವಿನಲ್ಲೇ ಬಸ್ಸು ಅಡ್ಡ ಸಿಕ್ಕಿತು, ಓವರ್‌ಟೇಕ್ ಮಾಡಲು ಜಾಗವೇ ಇರಲಿಲ್ಲ. ಬಸ್ಸಿನ ಹಿಂದೆ ನಾವು, ನಮ್ಮ ಹಿಂದೆ ಸಾಹುಕಾರರು, ಹಾಗೆಯೇ ಕೊಪ್ಪ ಸೇರಿದೆವು.

"ನಾನೇ ಫಸ್ಟು!" ಎಂದು ಮೆಕ್ಯಾನಿಕ್ ಇಳಿದರು.

"ಮುಂದಿದ್ದಿದ್ದು ಬಸ್ಸಲ್ವಾ? ಅದ್ರದ್ದೂ ಕಂಪನಿ ಎಂಜಿನ್ನೇ," ಎಂದು ಸಾಹುಕಾರರು ನಕ್ಕರು.

ಮೆಕ್ಯಾನಿಕ್ ಹೋಗಿ ಬಸ್ಸಿನ ಮೂತಿಗೆ ಎರಡು ಬೆರಳಿನಿಂದ ತಟ್ಟಿದರು. "ಇದು ನಮ್ಮ ರೋಡ್ ನೋಡಿದೆ, ಸಾಹುಕಾರ್ರೆ!"