ವಿಶಾಲಾಕ್ಷಮ್ಮನವರ ಕಿವಿ ಸರಿಯಾಗಿಯೇ ಇತ್ತು

ಟೀಚರ್, ಆ ಸದ್ದು ನಿಜವಾಗಿಯೂ ಇತ್ತು. ಅದು ನಿಮ್ಮ ಕಿವಿಯಲ್ಲಿರಲಿಲ್ಲ; ನಾನು ಮಾಡಿಕೊಟ್ಟ ಇನ್ವರ್ಟರಿನಲ್ಲಿತ್ತು. ನನಗದು ಅವತ್ತೇ ಗೊತ್ತಿತ್ತು. ಗೊತ್ತಿದ್ದೂ, ನಿಮ್ಮ ಮನೆಯ ಹಜಾರದಲ್ಲಿ, ನಿಮ್ಮ ಶಿಷ್ಯೆಯರ ಅಪ್ಪ ಅಮ್ಮಂದಿರೆಲ್ಲ ಕೂತಿರುವಾಗ, ಕೆಟ್ಟಿರುವುದು ನಿಮ್ಮ ಕಿವಿ ಎಂದು ಸಾಬೀತು ಮಾಡಿ ತೋರಿಸಿದೆ — ಸುಳ್ಳು ಸಾಬೀತು.

ಇಷ್ಟು ವರ್ಷ ಬಾಯಲ್ಲಿ ಕಡುಬು ತುರುಕಿಕೊಂಡಿದ್ದೆಯಾ ಎಂದು ನೀವು ಕೇಳಬೇಕು. ಕೇಳಿ. ನಾನು ದಿನಾ ಕೇಳಿಕೊಳ್ಳುತ್ತೇನೆ, ಕೇಳಿಕೊಂಡಾಗಲೆಲ್ಲ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅರಸೀಕೆರೆಯಲ್ಲಿ ಸಂಜೆ ಆಯಿತೆಂದರೆ ಕರೆಂಟು ಹೋಗುತ್ತಿತ್ತು, ಸರಿಯಾಗಿ ನಿಮ್ಮ ಸಂಗೀತ ಪಾಠದ ಹೊತ್ತಿಗೇ. ಹೆಣ್ಣುಮಕ್ಕಳು ಸೀಮೆಎಣ್ಣೆ ದೀಪದ ಹೊಗೆಯಲ್ಲಿ, ಸೊಳ್ಳೆ ಹೊಡೆದುಕೊಳ್ಳುತ್ತಾ ಸರಳೆ ಹಾಡುವುದನ್ನು ನೋಡಲಾರದೆ ಕೊಬ್ಬರಿ ಮಂಡಿಯ ಮಲ್ಲೇಶಪ್ಪನವರು ಉಳಿದ ಪೋಷಕರನ್ನೂ ಸೇರಿಸಿಕೊಂಡು ನಿಮಗೊಂದು ಇನ್ವರ್ಟರ್ ಕೊಡಿಸಿದರು. ಅವರ ಮಗಳೂ ನಿಮ್ಮ ಹತ್ತಿರ ಕಲಿಯುತ್ತಿದ್ದಳು. ಅದನ್ನು ಮಾಡಿಕೊಟ್ಟವನು ನಾನು, ಡಿಪ್ಲೊಮಾ ಮುಗಿಸಿ ಆಗ ತಾನೇ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ತೆರೆದಿದ್ದ ಕುಮಾರ. ನಮ್ಮಕ್ಕನಿಗೂ ನೀವೇ ಪಾಠ ಹೇಳಿದವರು. 'ನಮ್ಮ ಹುಡುಗ ಮಾಡಿದ್ದು' ಎಂದು ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದಿರಿ. ಅದರ ಮುಖದ ಮೇಲೆ 'ಪ್ಯೂರ್ ಸೈನ್ ವೇವ್' ಎಂಬ ಕೆಂಪು ಸ್ಟಿಕ್ಕರ್ ಅಂಟಿಸಿದ್ದೆ.

ಹಸಿ ಸುಳ್ಳು ಅದು! ಕಂಬದಿಂದ ಬರುವ ಕರೆಂಟು ಉಯ್ಯಾಲೆಯ ಹಾಗೆ ನಯವಾಗಿ ಏರಿ ಇಳಿಯುತ್ತದೆ. ಸೈನ್ ವೇವ್ ಅಂದರೆ ಅಷ್ಟೆ. ಬ್ಯಾಟರಿಯಿಂದ ಅಂಥ ಅಲೆ ತೆಗೆಯುವ ಸರ್ಕ್ಯೂಟು ನನಗೆ ಕೈಗೂಡಿರಲಿಲ್ಲ. ನನ್ನ ಅಲೆ ಗೋಡೆಯ ಹಾಗೆ ನೆಟ್ಟಗೆ ಎದ್ದು, ಒಂದಿಷ್ಟು ದೂರ ಚಪ್ಪಟೆಯಾಗಿ ಹೋಗಿ, ದಬಕ್ಕನೆ ಕೆಳಗೆ ಬೀಳುತ್ತಿತ್ತು. ಓದಿದ ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ಒಯ್ದು ಪರದೆಯ ಮೇಲೆ ಕಣ್ಣಾರೆ ನೋಡಿದ್ದೆ. ಅಂಥ ಕರೆಂಟಿಗೆ ಬಲ್ಬು ಉರಿಯುತ್ತದೆ, ಆದರೆ ಫ್ಯಾನು, ಟ್ಯೂಬ್‌ಲೈಟಿನ ಚೋಕು, ಅಡಾಪ್ಟರು — ಎಲ್ಲವೂ ಗುಂಯ್ ಅನ್ನುತ್ತವೆ. ಊರಲ್ಲಿ ಎಷ್ಟೋ ಮನೆಗಳಲ್ಲಿ ಗುಂಯ್ ಅನ್ನುತ್ತಲೇ ಇತ್ತು. ಇನ್ವರ್ಟರ್ ಅಂದರೆ ಹಾಗೇ ಎಂದುಕೊಂಡು ಜನ ಸುಮ್ಮನಿದ್ದರು. ಸುಮ್ಮನಿರದೆ ಇದ್ದವರು ನೀವೊಬ್ಬರೇ.

"ಕುಮಾರ, ಶ್ರುತಿ ಪಕ್ಕದಲ್ಲಿ ಇನ್ನೊಂದು ಏನೋ ಬಂದು ಕೂತ್ಕೊಳ್ಳತ್ತೆ ಕಣಪ್ಪ," ಅಂದಿರಿ. "ಫ್ಯಾನ್ ಆರಿಸಿದ್ರೂ ಹೋಗಲ್ಲ. ಪೆಟ್ಟಿಗೇಲಿ ಐದರ ಶ್ರುತಿ ಇಟ್ರೆ ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತಿರತ್ತೆ. ಮಕ್ಕಳು ಅದನ್ನೇ ಹಿಡ್ಕೊಂಡು ಹಾಡೋಕ್ ಶುರು ಮಾಡಿವೆ."

ಎಷ್ಟೋ ವರ್ಷದ ಮೇಲೆ ಒಂದು ದಿನ ಮೀಟರು ಹಿಡಿದು ಕೂತು ಅಳೆದು ನೋಡಿದೆ ಟೀಚರ್. ಕರೆಂಟಿನ ಶ್ರುತಿ ಪೆಟ್ಟಿಗೆಗೆ ನುಗ್ಗುತ್ತಿದ್ದ ಆ ಗುಂಯ್‌ನಲ್ಲಿ ಒಂದು ಸ್ವರ ಇತ್ತು. ನಿಮ್ಮ ಐದರ ಷಡ್ಜಕ್ಕಿಂತ ಅದು ಸ್ವಲ್ಪವೇ ಸ್ವಲ್ಪ ಮೇಲೆ. ನೀವು ಹೇಳಿದಷ್ಟೇ. ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವತ್ತು ಅಷ್ಟು ಅಳೆಯುವ ಅಗತ್ಯವೂ ಇರಲಿಲ್ಲ. ತಪ್ಪಾಯಿತು ಎಂದು ಇನ್ವರ್ಟರ್ ವಾಪಸ್ ಒಯ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಿಮ್ಮ ಮನೆಯಲ್ಲಿ ಸ್ಟಿಕ್ಕರ್ ಸುಳ್ಳು ಎಂದು ಒಪ್ಪಿಕೊಂಡರೆ ಊರಿಗೆಲ್ಲ ಒಪ್ಪಿಕೊಳ್ಳಬೇಕಿತ್ತಲ್ಲ! ಹೊಸ ಅಂಗಡಿ, ಹೊಸ ಬೋರ್ಡು, ಕುಮಾರ ಅಂದರೆ ಏನೋ ದೊಡ್ಡ ಇಂಜಿನಿಯರು ಅನ್ನುವ ಹಾಗೆ ಮಾತಾಡಿಸುವ ಜನ — ಥೂ, ಅಷ್ಟಕ್ಕೆ.

ಭಾನುವಾರ ಬೆಳಿಗ್ಗೆ ಪೋಷಕರನ್ನೆಲ್ಲ ಕರೆಸಿದೆ. ಬೆಳಿಗ್ಗೆಯೇ ಆಗಲಿ ಎಂದವನೂ ನಾನೇ, ಯಾಕೆಂದರೆ ಬೆಳಿಗ್ಗೆ ಕರೆಂಟು ಇರುತ್ತಿತ್ತು. ಕರೆಂಟು ಇರುವಾಗ ಇನ್ವರ್ಟರ್ ತಾನು ಏನೂ ಮಾಡುವುದಿಲ್ಲ, ಕಂಬದ ಕರೆಂಟನ್ನೇ ಹಾಗೇ ಮುಂದಕ್ಕೆ ಬಿಡುತ್ತದೆ. ಅಲ್ಲಿದ್ದ ಯಾರಿಗೂ ಇದು ಗೊತ್ತಿರಲಿಲ್ಲ. ನಾನು ಗೋಡೆಯ ಮೇಲಿನ ಯಾವುದೋ ಒಂದು ಸ್ವಿಚ್ಚನ್ನು — ಹಿತ್ತಿಲ ದೀಪದ್ದಿರಬೇಕು — ಟಕ್ಕೆಂದು ಒತ್ತಿ, "ಮೇನ್ ತೆಗ್ದಿದೀನಿ. ಈಗ ಬ್ಯಾಟರಿ ಮೇಲೆ ಓಡ್ತಿದೆ, ಕೇಳಿ," ಅಂದೆ.

ನೀವು ಶ್ರುತಿ ಪೆಟ್ಟಿಗೆ ಹಾಕಿ ಕಣ್ಣು ಮುಚ್ಚಿದಿರಿ. ಬಹಳ ಹೊತ್ತು ಕೇಳಿದಿರಿ. ಬೇರೆ ಯಾರಾದರೂ ಆಗಿದ್ದರೆ ಮಾನ ಉಳಿಸಿಕೊಳ್ಳಲಿಕ್ಕಾದರೂ 'ಹೂಂ, ಕೇಳಿಸುತ್ತಿದೆ' ಅನ್ನುತ್ತಿದ್ದರು. ನೀವು ಕಣ್ಣು ತೆರೆದು, "ಈಗ ಇಲ್ವಲ್ಲಪ್ಪ," ಅಂದಿರಿ.

ನಾನು ಅದಕ್ಕೇ ಕಾಯುತ್ತಿದ್ದೆ. "ನೋಡಿ ಟೀಚರ್, ಅದೇ ಇನ್ವರ್ಟರು, ಅದೇ ಬ್ಯಾಟರಿ. ಒಂದ್ಸಲ ಕೇಳ್ಸುತ್ತೆ, ಒಂದ್ಸಲ ಕೇಳ್ಸಲ್ಲ ಅಂದ್ರೆ ತೊಂದ್ರೆ ಇನ್ವರ್ಟರ್‌ದಲ್ಲ, ಕಿವೀದು. ಡಾಕ್ಟ್ರಿಗೆ ತೋರ್ಸಿ."

ನೀವು ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟಿರಿ. ನಾನು ಅದನ್ನು ಕುಡಿದೆ — ಪೂರ್ತಿ ಕುಡಿದೆ, ಲೋಟ ತೊಳೆಯಲು ಹೋದರೆ ಬೇಡ ಎಂದು ಕಿತ್ತುಕೊಂಡಿರಿ.

ಹಾಸನದ ಕಿವಿ ಡಾಕ್ಟರು ಏನೂ ತೊಂದರೆಯಿಲ್ಲ ಎಂದರಂತೆ. ನೀವು ಅವರನ್ನು ನಂಬಲಿಲ್ಲ. ಸಂಜೆ ಕರೆಂಟು ಹೋಗಿ ಮತ್ತೆ ಆ ಸದ್ದು ಕೇಳಿದಾಗ ಕಾಯಿಲೆ ಹೆಚ್ಚಾಯಿತು ಅಂದುಕೊಂಡಿರಿ. ಟೀಚರಿಗೆ ಕಿವಿ ಹೋಗಿದೆಯಂತೆ ಎಂದು ಊರಲ್ಲಿ ಸುದ್ದಿಯಾಯಿತು, ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋದರು, ಕೊನೆಗೆ ನೀವೇ ಪಾಠ ನಿಲ್ಲಿಸಿ ಬೇಲೂರಿನ ತಮ್ಮನ ಮನೆಗೆ ಹೊರಟಿರಿ. ಇನ್ವರ್ಟರನ್ನು ಅಂಗಡಿಗೆ ಕಳಿಸಿದಿರಿ. ನಾನು ಅದನ್ನು ಮೇಜಿನ ಕೆಳಗೆ ತಳ್ಳಿದೆ.

ನಿಜ ಹೇಳಲೇ? ನಿಮ್ಮ ಮೇಲೂ ನನಗೆ ಸಿಟ್ಟು ಬರುತ್ತಿತ್ತು. ಇಡೀ ಜೀವಮಾನ ಕಿವಿಯನ್ನೇ ನಂಬಿ ಬದುಕಿದವರು, ಮೀಸೆ ಸರಿಯಾಗಿ ಬಾರದ ಒಬ್ಬ ಡಿಪ್ಲೊಮಾ ಹುಡುಗನ ಮಾತಿಗೆ ಅದನ್ನು ಬಿಟ್ಟುಕೊಡುವುದೇ? ನನ್ನ ಕೆನ್ನೆಗೆ ಎರಡು ಬಿಗಿಯಬಾರದಿತ್ತೇ? — ನೋಡಿ, ಇದೂ ನನ್ನ ಹಲ್ಕಟ್ ಬುದ್ಧಿಯೇ. ಮೋಸ ಮಾಡಿದವನು ನಾನು, ಮೋಸ ಹೋದಿರೆಂದು ನಿಮ್ಮ ಮೇಲೆ ಕೋಪ.

ಹೋದ ತಿಂಗಳು ಬೇಲೂರಿನಲ್ಲಿ ಮಕ್ಕಳ ಸಂಗೀತ ಕಾರ್ಯಕ್ರಮಕ್ಕೆ ಇನ್ವರ್ಟರ್ ಕೂರಿಸಲು ಬಂದಿದ್ದೆನಲ್ಲ. ಈಗ ನಾನು ಮಾರುವುದು ನಿಜವಾದ ಸೈನ್ ವೇವ್. ಅದರಿಂದ ಯಾರಿಗೆ ಏನು ಬಂತು. ಕಾರ್ಯಕ್ರಮ ನಡೆಸುವ ಹೆಂಗಸು, "ಶ್ರುತಿ ಸರಿ ಇದ್ಯಾ ಸ್ವಲ್ಪ ನೋಡಿ ಟೀಚರ್," ಎಂದು ನಿಮ್ಮನ್ನು ಕರೆದರು. ನೀವು ಗಾಬರಿಯಾಗಿ ಕೈ ಆಡಿಸಿದಿರಿ. "ಅಯ್ಯೋ ನಾನು ಬೇಡಮ್ಮ, ನನ್ನ ಕಿವಿ ನಂಬೋ ಹಾಗಿಲ್ಲ." ಆಮೇಲೆ ನನ್ನ ಗುರುತು ಹಿಡಿದು ಮುಖ ಅರಳಿಸಿದಿರಿ. "ಇವನೇ ಕಣೇ ನಮ್ಮ ಕುಮಾರ! ನನ್ನ ಕಿವಿ ಕೆಟ್ಟಿದೆ ಅಂತ ಮೊದಲು ಹೇಳಿದ್ದೇ ಇವನು. ಇಲ್ದಿದ್ರೆ ಮಕ್ಕಳಿಗೆಲ್ಲ ತಪ್ಪು ಪಾಠ ಹೇಳ್ಕೊಂಡೇ ಇರ್ತಿದ್ದೆ. ನೀನೇ ನೋಡಪ್ಪ ಶ್ರುತಿ ಸರಿ ಇದ್ಯಾ. ಆಮೇಲೆ ಮನೆಗೆ ಬಾ, ಕಾಫಿ ಕುಡ್ಕೊಂಡು ಹೋಗು."

ಸ ಯಾವುದು, ಪ ಯಾವುದು ಎಂದು ತಿಳಿಯದ ನಾನು ಶ್ರುತಿ ಪೆಟ್ಟಿಗೆಯ ಮುಂದೆ ಬಗ್ಗಿ, "ಸರಿ ಇದೆ ಟೀಚರ್," ಅಂದೆ. ಮನೆಗೆ ಬರಲಿಲ್ಲ. ಸಿಕ್ಕ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ತಡೆಯಲಾಗದೆ ಇಳಿದುಬಿಟ್ಟೆ. ಬೇಲೂರಿಗೆ ವಾಪಸ್ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಹತ್ತುವ ಧೈರ್ಯ ಬರಲಿಲ್ಲ. ಹೇಡಿ ನನ್ಮಗ ಎಂದು ನನಗೆ ನಾನೇ ಬೈದುಕೊಂಡಿದ್ದು ಪಕ್ಕದವರಿಗೂ ಕೇಳಿಸಿರಬೇಕು.

ನಿನ್ನೆ ಮಂಡಿಗೆ ಹೋಗಿ ಮಲ್ಲೇಶಪ್ಪನವರಿಗೆ ಎಲ್ಲ ಹೇಳಿದೆ. ತೂಗುತ್ತಿದ್ದ ಕೊಬ್ಬರಿಯನ್ನು ಅಲ್ಲೇ ಬಿಟ್ಟು ಎದ್ದುಬಂದರು. "ಥೂ ನಿನ್ನ ಜನ್ಮಕ್ಕೆ! ನನ್ ಮಗ್ಳು ಅವತ್ತೇ ಅಂದ್ಲು ಕಣ್ಲಾ, ನಂಗೂ ಆ ಸದ್ದು ಕೇಳ್ಸ್ತೈತೆ ಕಣಪ್ಪ ಅಂತ. ನಿನ್ ಮಾತು ನಂಬಿ ಅವಳ ಬಾಯಿ ಮುಚ್ಚಿಸ್ದೆ. ಆಯಮ್ಮನ ಮುಂದೆ ಹೇಳ್ತೀಯೇನ್ಲಾ ಇದನ್ನ?"

ಹೇಳುತ್ತೇನೆ ಅಂದೆ. ಈ ಭಾನುವಾರ ನಾವಿಬ್ಬರೂ ಬರುತ್ತಿದ್ದೇವೆ. ಅದೇ ಇನ್ವರ್ಟರ್ ತರುತ್ತೇನೆ, ಕೆಂಪು ಸ್ಟಿಕ್ಕರ್ ಇನ್ನೂ ಅದರ ಮೇಲಿದೆ. ಮೇನ್ ಫ್ಯೂಸನ್ನು ಮಲ್ಲೇಶಪ್ಪನವರೇ ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ, ನಾನು ಮುಟ್ಟುವುದಿಲ್ಲ. ನಿಮ್ಮ ತಮ್ಮನ ಮನೆಯವರೆಲ್ಲ ಇರಲಿ. ಶ್ರುತಿಯ ಪಕ್ಕದಲ್ಲಿ ಬಂದು ಕೂರುವುದು ಏನು ಎಂದು ನೀವು ಹೇಳಿ, ನಾವು ಕೇಳುತ್ತೇವೆ. ಆದ ಮೇಲೆ ನಿಮ್ಮ ಬಾಯಿಗೆ ಬಂದದ್ದೆಲ್ಲ ಬೈಯಿರಿ, ಬಾಗಿಲಲ್ಲೇ ನಿಲ್ಲಿಸಿ ಬೈಯಿರಿ.

ಕಾಫಿ ಮಾತ್ರ ಕೊಡಬೇಡಿ ಟೀಚರ್.