ಸೆನ್ಸರಿಗೆ ಮುಳ್ಳಿನ ಬೇಲಿ

ಮಾನ್ವಿ ಸಮೀಪದ ಭತ್ತದ ಗದ್ದೆಯಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ನೆಟ್ಟು ಕೈ ತೊಳೆಯುತ್ತಿದ್ದೆ. ಅದು ಆ ದಿನದ ನಾಲ್ಕನೆಯ ಗದ್ದೆ. ವರ್ಷಗಳಿಂದ ಅಲ್ಲಿ ಕೂಲಿಗೆ ನೀರು ಹಾಯಿಸುತ್ತಿದ್ದ ಹನುಮವ್ವ ಬದುವಿನ ಮೇಲೆ ನಿಂತು ಕೇಳಿದರು, “ನೀರು ಕಡಿಮಿ ಆದ್ರ ಇದು ಯಾರಿಗಿ ಹೇಳ್ತದ, ಯಪ್ಪಾ?”

“ರಾಯಚೂರಿನಾಗಿರೋ ಮಾಲಕರಿಗೆ, ಯವ್ವಾ. ಅವ್ರು ಫೋನಿನಾಗ ಒತ್ತಿದ್ರ ಮೋಟಾರ್ ಚಾಲೂ ಆಗ್ತದ.”

“ಹಂಗಾರ ನಾಳಿಂದ ನಾ ಬರೋದು ಬ್ಯಾಡೇನು?”

ನಾನು ಬಗ್ಗಿ ಸಾಮಾನು ಚೀಲಕ್ಕೆ ತುಂಬತೊಡಗಿದೆ. ಹನುಮವ್ವ ಬದುವಿನಿಂದ ಇಳಿದರು. ಜಾಲಿ ಮುಳ್ಳಿನ ಟೊಂಗೆಗಳನ್ನು ಎಳೆದು ತಂದು, ದನ ತುಳಿಯದಂತೆ ಸೆನ್ಸರಿನ ಸುತ್ತ ಒಂದೊಂದಾಗಿ ಊರಿದರು.

ಈಗ ಯಾವ ಗದ್ದೆಗೆ ಹೋದರೂ, ಇಲ್ಲಿ ನೀರು ಹಾಯಿಸುವವರು ಯಾರು ಎಂದು ಮೊದಲು ವಿಚಾರಿಸುತ್ತೇನೆ. ಹೆಸರು ಕೇಳಿಕೊಳ್ಳುತ್ತೇನೆ; ಆದರೂ ಸೆನ್ಸರ್ ನೆಟ್ಟೇ ಬರುತ್ತೇನೆ.