ತಾಮ್ರದ ಬಿಂದಿಗೆಯ ನೀರು, ಕಡಲಿನ ಜೀವಿ

2023ರ ಫೆಬ್ರವರಿ 12, ಭಾನುವಾರ. ಆಧಾರ: ಉಪ್ಪುನೀರಿನ ತೊಟ್ಟಿಗಾಗಿ ನನ್ನ ಹೆಂಡತಿ ಇಟ್ಟಿದ್ದ ಇನ್ನೂರು ಪುಟದ ನೋಟ್‌ಪುಸ್ತಕ. ಅಂದಿನ ನಮೂದು ನನ್ನ ಕೈಬರಹದಲ್ಲಿದೆ: ‘ಮುಳ್ಳುಗಳೆಲ್ಲ ಉದುರಿವೆ. ಹೊರತೆಗೆದೆ.’ ಪಂಚಾಂಗದೊಡನೆ ಹೋಲಿಸಿ ನೋಡಿದೆ, ವಾರ ಹೊಂದುತ್ತದೆ.

ಅವಳು ಕುಂದಾಪುರದ ಕಡೆಯವಳು. ಮದುವೆಯಾಗಿ ಹುಣಸೂರಿಗೆ ಬಂದ ಮೇಲೆ ಕಡಲು ಅವಳಿಗೆ ವರ್ಷಕ್ಕೊಮ್ಮೆ ಕಾಣುವ ನೆಂಟನಂತಾಯಿತು. ಶಾಸನಗಳ ಸಂಶೋಧನೆಯಿಂದ ನಾನು ನಿವೃತ್ತನಾದ ವರ್ಷ ಅವಳು ಕೇಳಿದ್ದು ಒಂದನ್ನೇ: ಮನೆಯೊಳಗೆ ನಾಲ್ಕು ಅಡಿಯಷ್ಟು ಸಮುದ್ರ. ಬೆಂಗಳೂರಿನ ಅಂಗಡಿಯಿಂದ ಉಪ್ಪು, ಪಂಪು, ಕಲ್ಲುಗಳೊಡನೆ ಸೀ ಅರ್ಚಿನ್ ಎಂಬ ಒಂದು ಕಡಲಜೀವಿ ಬಂತು. ನಿಂಬೆಹಣ್ಣಿನ ಗಾತ್ರ, ಮೈಯೆಲ್ಲ ಮುಳ್ಳು. ಗಾಜಿಗೆ ಹತ್ತಿದ ಪಾಚಿಯನ್ನು ಮೇಯುತ್ತ, ಸಿಕ್ಕ ಚಿಪ್ಪಿನ ಚೂರೊಂದನ್ನು ನೆತ್ತಿಯ ಮೇಲೆ ಹೊತ್ತು ತಿರುಗುತ್ತಿತ್ತು.

ಹಾಲು ಕೊಡಲು ಬರುತ್ತಿದ್ದ ಹೆಂಗಸು ಅದನ್ನು ಮೊದಲ ಸಲ ಕಂಡಾಗ ಹೇಳಿದ ಮಾತು ನೆನಪಿದೆ. “ಉಮ್ಮತ್ತಿ ಕಾಯ್ಗೆ ಜೀವ ಬಂದಂಗದೆ ಕಣಕ್ಕ. ಮ್ಯಾಲೆ ಟೋಪಿ ಬ್ಯಾರೆ. ಯಜಮಾನ್ರಿಗಿಂತ ಇದೇ ವಾಸಿ ಬುಡು, ಗಾಜಾದ್ರೂ ಒರೆಸ್ತದೆ.” ನನ್ನ ಹೆಂಡತಿ ಆ ಮಾತನ್ನು ವಾರಗಟ್ಟಲೆ ನನಗೆ ಒಪ್ಪಿಸುತ್ತಿದ್ದಳು.

ಅವಳು ಮೈಸೂರಿನ ಆಸ್ಪತ್ರೆಗೆ ಸೇರಿದಾಗ ನನ್ನ ತಂಗಿ ಅವಳ ಬಳಿ ನಿಂತಳು; ನಾನು ಹಗಲು ಅಲ್ಲಿದ್ದು ಸಂಜೆ ಮನೆಗೆ ಮರಳುತ್ತಿದ್ದೆ. ತೊಟ್ಟಿಯಿಂದ ನೀರು ಆರಿದಷ್ಟೂ ಉಪ್ಪು ಉಳಿದು ಗಟ್ಟಿಯಾಗುತ್ತದೆ, ಆದ್ದರಿಂದ ದಿನವೂ ಫಿಲ್ಟರಿನ ಸಿಹಿನೀರನ್ನು ಸ್ವಲ್ಪ ಸೇರಿಸಬೇಕೆಂದು ಹೆಂಡತಿ ನನಗೆ ತಿಳಿಸಿದ್ದಳು. ಯಾವ ಪಾತ್ರೆಯೆಂದು ಹೇಳಿರಲಿಲ್ಲ. ನಾನು ಹುಟ್ಟಿ ಬೆಳೆದ ಕೆ.ಆರ್. ನಗರದ ಮನೆಯಲ್ಲಿ ದೇವರಿಗೂ ನೆಂಟರಿಗೂ ಕೊಡುವ ನೀರು ಹುಣಸೆಹಣ್ಣಿನಿಂದ ಬೆಳಗಿದ ತಾಮ್ರದ ಬಿಂದಿಗೆಯಲ್ಲಿ ಒಂದು ರಾತ್ರಿ ನಿಂತಿರಲೇಬೇಕು. ಅವಳ ಜೀವಿಗೆ ಅದಕ್ಕಿಂತ ಕಡಿಮೆಯದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ.

ಕೆಲವೇ ದಿನಗಳಲ್ಲಿ ಮುಳ್ಳುಗಳು ಬಾಗಿದವು, ಬಳಿಕ ಮರಳಿನ ಮೇಲೆ ಉದುರತೊಡಗಿದವು. ಅಂಗಡಿಯವನಿಗೆ ಫೋನ್ ಮಾಡಿದೆ. ನೀರು ಯಾವ ಪಾತ್ರೆಯದೆಂದು ಕೇಳಿದ, ಹೇಳಿದೆ. “ಸಾರ್, ತಾಮ್ರ ಅದಕ್ಕೆ ವಿಷ” ಎಂದ.

ಮರುದಿನ ಆಸ್ಪತ್ರೆಯಲ್ಲಿ ಅವಳು ಕೇಳಿದಳು: “ಅದು ಹೇಗುಂಟು?”

“ಗಾಜು ಹತ್ತುತ್ತಿದೆ” ಎಂದೆ. ಜೀವಮಾನವಿಡೀ ಇತರರ ತಪ್ಪು ತೇದಿಗಳನ್ನು ತಿದ್ದಿದವನು ನಾನು. ಆ ಸುಳ್ಳು ಸಲೀಸಾಗಿ ಬಂತು.

ಅವಳು ಹೋದ ಮೇಲೆ ನಾನು ಹಿಡಿದುಕೊಂಡಿರುವುದು ಒಂದೇ ನೆನಪನ್ನು. ಚಿಕಿತ್ಸೆಯ ನಡುವೆ ಅವಳನ್ನು ಎರಡು ದಿನ ಮನೆಗೆ ಕಳುಹಿಸಿದ್ದರು. ಬಿಂದಿಗೆಯ ನೀರು ಇನ್ನೂ ತೊಟ್ಟಿಗೆ ಬಿದ್ದಿರಲಿಲ್ಲ. ಶಾಲು ಹೊದ್ದು ತೊಟ್ಟಿಯೆದುರು ಕುಳಿತಿದ್ದಳು. ಅದು ಗಾಜನ್ನು ಏರಿದಂತೆಲ್ಲ ಅವಳ ಬೆರಳೂ ಹೊರಗಿನಿಂದ ಏರುತ್ತಿತ್ತು. ಕಾಫಿ ಆರಿತೆಂದು ಹೇಳಿದರೂ ಅವಳು ತಿರುಗಲಿಲ್ಲ. ಕೊನೆಗೊಮ್ಮೆ ಅದನ್ನು ಕಂಡೇ ಹೋದಳೆಂಬ ನೆಮ್ಮದಿಯಲ್ಲಿ ನಾನು ಈವರೆಗೆ ಬದುಕಿದ್ದೇನೆ. ಈಗಲೂ ಖಾಲಿ ಗಾಜಿನ ಮೇಲೆ ಆ ಬೆರಳನ್ನು ಹುಡುಕುತ್ತೇನೆ.

ಇದನ್ನು ಬರೆಯುವ ಮುನ್ನ ಆ ಎರಡು ದಿನಗಳ ತೇದಿಗಾಗಿ ಆಸ್ಪತ್ರೆಯ ಕಡತವನ್ನು ತೆರೆದೆ. ಅದರಲ್ಲಿ ಅವಳು ಸೇರಿದ್ದು ಒಂದೇ ಬಾರಿ: ಜನವರಿ 30. ಅಲ್ಲಿಂದ ಫೆಬ್ರವರಿ 26ರ ಮರಣದವರೆಗೆ ಪ್ರತಿದಿನದ ಜ್ವರ, ರಕ್ತದೊತ್ತಡ ಬರೆದಿದೆ. ನಡುವೆ ಒಂದು ದಿನವೂ ಬಿಟ್ಟುಹೋಗಿಲ್ಲ.